ನಾನು ಮುಯ್ಯಾಳಾಗಿ ಹೋದ ವರ್ಷ

ಪ್ರತಿ ಜೂನ್ ತಿಂಗಳೂ ಹೆಡ್‌ಮಾಸ್ಟರು ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸುವ ಮೊದಲೇ ನನ್ನ ಹಣೆಬರಹ ನನಗೆ ಗೊತ್ತಿರುತ್ತಿತ್ತು. ಹೈಸ್ಕೂಲಿನ ಮೊದಲನೆಯ ವರ್ಷ, ಆಗ ನಾವು ನಾಲ್ಕನೇ ಫಾರಂ ಎನ್ನುತ್ತಿದ್ದ ತರಗತಿ, ನನಗೇ. ಮಂಡ್ಯದ ಆ ಸ್ಕೂಲಿನಲ್ಲಿ ಅದನ್ನು ಬೇಕೆಂದು ಕೇಳಿ ತೆಗೆದುಕೊಂಡವರನ್ನು ನಾನು ಕಾಣೆ. ಇಂಗ್ಲಿಷ್ ಮೇಷ್ಟರಿಗೆ ಬೆನ್ನುನೋವು, ಚರಿತ್ರೆಯ ಮೇಷ್ಟರಿಗೆ ವಯಸ್ಸಾಗಿದೆ, ವಿಜ್ಞಾನದವರಿಗೆ ಪ್ರಯೋಗಶಾಲೆ ಬಿಟ್ಟು ಬರಲಾಗದು. ಗಣಿತದ ಮೇಷ್ಟರಾದ ನನಗೆ ಮಾತ್ರ ಹೇಳಿಕೊಳ್ಳಲು ಒಂದು ನೆಪವೂ ಹೊಳೆಯುತ್ತಿರಲಿಲ್ಲ. "ಹಳ್ಳಿ ಹುಡುಗರ ಮರ್ಮ ನಿಮಗೆ ಗೊತ್ತು" ಎಂದು ಹೆಡ್‌ಮಾಸ್ಟರು ಬೆನ್ನು ತಟ್ಟುತ್ತಿದ್ದರು. ನಾನು ಮಳವಳ್ಳಿ ಪೇಟೆಯಲ್ಲಿ ಹುಟ್ಟಿದವನು, ಗುಮಾಸ್ತರ ಮಗ. ಗದ್ದೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು.

ಆ ಹುಡುಗರು ಬರುತ್ತಿದ್ದುದು ಕೆರಗೋಡು, ಹೊಳಲು, ಮದ್ದೂರಿನ ಕಡೆಯ ಹಳ್ಳಿಗಳಿಂದ. ಹದಿನೈದು ಹದಿನಾರರ ವಯಸ್ಸು, ಮೀಸೆ ಮೂಡುವ ಹೊತ್ತು. ಮಿಡ್ಲ್ ಸ್ಕೂಲಿನಲ್ಲಿ ಅವರವರ ಊರಿಗೆ ಅವರೇ ಬುದ್ಧಿವಂತರು. ನಮ್ಮಲ್ಲಿಗೆ ಬಂದರೆ ಲೆಕ್ಕ, ವಿಜ್ಞಾನ, ಭೂಗೋಳ ಎಲ್ಲವೂ ಇಂಗ್ಲಿಷಿನಲ್ಲಿ. ಮೊದಲ ವಾರ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು, ಎರಡನೆಯ ವಾರ ಬಾಯಿ ಮುಚ್ಚಿಬಿಡುತ್ತಿದ್ದರು. ಮೂರನೆಯ ವಾರದಿಂದ ಒಬ್ಬೊಬ್ಬರೇ ಮಾಯ. ಆ ಮೊದಲ ವರ್ಷ ದಾಟಿಸಿಬಿಟ್ಟರೆ ಮುಂದಿನದನ್ನು ಹುಡುಗರೇ ಹೇಗೋ ನೋಡಿಕೊಳ್ಳುತ್ತಿದ್ದರು. ದಾಟಿಸುವುದೇ ಕಷ್ಟ. ಅದಕ್ಕಾಗಿ ನಾನು ಬೆಳಗ್ಗೆ ಏಳಕ್ಕೇ ಸ್ಕೂಲಿಗೆ ಹೋಗಿ, ಹೊಂಗೆ ಮರದ ಕೆಳಗೆ ಅವರನ್ನು ಕೂರಿಸಿಕೊಂಡು, ಆ ದಿನದ ಪಾಠವನ್ನು ಮೊದಲು ಅವರದೇ ಮಾತಿನಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದೆ. ಯಾರೂ ನನಗೆ ಹಾಗೆ ಮಾಡು ಎಂದಿರಲಿಲ್ಲ. ಮಾಡದಿದ್ದರೆ ಹತ್ತೂವರೆಯ ತರಗತಿಯಲ್ಲಿ ಗೋಡೆಗೆ ಪಾಠ ಹೇಳಿದಂತಾಗುತ್ತಿತ್ತು, ಅಷ್ಟೆ.

ಯುದ್ಧದ ನಡುವಿನ ಒಂದು ವರ್ಷ. ಕಾಗದಕ್ಕೆ ಬರ, ಸೀಮೆಎಣ್ಣೆಗೆ ಬರ, ಹುಡುಗರು ಒಂದೇ ನೋಟುಬುಕ್ಕಿನ ಎರಡು ಕಡೆಯೂ ಬರೆದು ಅಂಚಿನಲ್ಲಿಯೂ ಬರೆಯುತ್ತಿದ್ದರು. ಆ ವರ್ಷ ಹೊಳಲಿನಿಂದ ಒಬ್ಬ ಹುಡುಗ ಬಂದಿದ್ದ. ಎತ್ತರದ ಆಳು, ಹೆಗಲು ಅಗಲ, ಬೆಂಚಿನಲ್ಲಿ ಕೂತರೆ ಮೊಣಕಾಲು ಡೆಸ್ಕಿಗೆ ಬಡಿಯುತ್ತಿತ್ತು. ಇಂಗ್ಲಿಷ್ ಎಂದರೆ ಅವನಿಗೆ ಬೆವರು. ಆದರೆ ರೇಖಾಗಣಿತ ಕೊಟ್ಟರೆ ಬೇರೆಯೇ ಮನುಷ್ಯ. ಗದ್ದೆಯ ಬದು ಅಳೆದು ಅಳೆದು ಅಭ್ಯಾಸವೋ ಏನೋ, ಒಂದು ತ್ರಿಭುಜ ಬರೆದ ಕೂಡಲೇ ಉತ್ತರ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಯಾಕೆ ಎಂದು ಕೇಳಿದರೆ ಇಂಗ್ಲಿಷಿನಲ್ಲಿ ಬರೆಯಲು ಬರದು. ಅವನ ಮೇಲೆ ನನಗೆ ಆಸೆ ಹುಟ್ಟಿತು. ಇಷ್ಟು ವರ್ಷದಲ್ಲಿ ಒಬ್ಬನಾದರೂ ಗಣಿತದವನು ನನ್ನ ಕೈಯಿಂದ ಹೊರಬರಲಿ ಎನ್ನುವ ಆಸೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಾಲೆಗೆ ನೀರು ಬಿಟ್ಟ ಮೇಲೆ ಅವನು ಬರುವುದು ನಿಂತಿತು. ನಾಲ್ಕು ದಿನ ನೋಡಿದೆ. ಐದನೆಯ ದಿನ ಸಿಟ್ಟು ಬಂದು ಸೈಕಲ್ ಹತ್ತಿ ಹೊಳಲಿಗೆ ಹೋದೆ. ಅವನಿಗೆ ತಂದೆ ಇರಲಿಲ್ಲ. ತಾಯಿ, ಎರಡೆತ್ತು, ಒಂದಿಷ್ಟು ಗದ್ದೆ. ತಾಯಿ ಹಟ್ಟಿಯಲ್ಲಿ ಕೂತು ಹುಲ್ಲಿನ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಆದರೆ ಕೈ ನಿಲ್ಲಿಸಲಿಲ್ಲ.

"ನಿಮ್ಮ ಮಗ ಎಲ್ಲಮ್ಮ?" ಎಂದೆ.

"ಮುಯ್ಯಿಗೋಗವ್ನೆ."

ಮುಯ್ಯಾಳು ಎನ್ನುವುದನ್ನು ನಾನು ಕೇಳಿದ್ದೆ, ಅದರ ಒಳಗನ್ನು ತಿಳಿದಿರಲಿಲ್ಲ. ಆಕೆಯೇ ಬಿಡಿಸಿ ಹೇಳಿದರು. ನಾಟಿಯ ಕಾಲದಲ್ಲಿ ಕೂಲಿಗೆ ಆಳು ಸಿಕ್ಕುವುದಿಲ್ಲ. ಹಾಗಾಗಿ ಹತ್ತಾರು ಮನೆಯವರು ಒಟ್ಟಾಗಿ ಒಂದು ದಿನ ಒಬ್ಬರ ಗದ್ದೆ, ಮರುದಿನ ಇನ್ನೊಬ್ಬರ ಗದ್ದೆ ಎಂದು ದುಡಿಯುತ್ತಾರೆ. ಇವರ ಮನೆಯಿಂದ ಗಂಡಾಳು ಒಂದು ಹೋಗಲೇಬೇಕು. ಹೋಗದಿದ್ದರೆ ಇವರ ಗದ್ದೆಗೆ ಯಾರೂ ಇಳಿಯುವುದಿಲ್ಲ, ಪೈರು ಬಲಿತು ಕೆಟ್ಟುಹೋಗುತ್ತದೆ. ಇನ್ನೂ ಐದು ಮನೆಗೆ ಐದು ದಿನದ ಗಂಡಾಳು ಬಾಕಿ ಇತ್ತು.

"ಐದು ದಿನ ಅಂದರೆ ಐದು ಪ್ರಮೇಯ ಕಣಮ್ಮ. ಇವನು ಈಗಲೇ ಹಿಂದೆ ಬಿದ್ದಿದ್ದಾನೆ. ಈ ವರ್ಷ ತಪ್ಪಿಸಿಕೊಂಡರೆ ಮತ್ತೆ ಹತ್ತೋದಿಲ್ಲ" ಎಂದೆ. ದನಿ ಏರಿತ್ತು.

"ನಂಗೇನ್ ಗೊತ್ತಾಯ್ತದೆ ಮೇಸ್ಟ್ರೇ ನಿಮ್ ಪ್ರಮೇಯ? ಅವ್ನ್ ಸ್ಕೂಲ್ಗೆ ಬಂದ್ರೆ ಗದ್ದೆಗ್ ಯಾರೋಯ್ತಾರೆ? ನೀವೋಯ್ತೀರಾ?"

ಆಕೆ ಹಂಗಿಸಲಿಲ್ಲ, ನಿಜವಾಗಿ ಕೇಳಿದರು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಹಂಗಿಸಿದಂತೆಯೇ ಕೇಳಿಸಿತು. "ಹೋಗ್ತೀನಿ" ಎಂದುಬಿಟ್ಟೆ. ಆಕೆಯ ಕೈ ಆಗ ನಿಂತಿತು.

ಸ್ವಂತ ಕೆಲಸ ಎಂದು ಬರೆದು ರಜೆ ಹಾಕಿದೆ. ಐದು ದಿನ ಅರ್ಧ ಚಲ್ಲಣ ಹಾಕಿಕೊಂಡು ಹೊಳಲಿನ ಗದ್ದೆಗಳಲ್ಲಿ ಪೈರು ಕಿತ್ತೆ. ಸಸಿ ಮಡಿಯಲ್ಲಿ ಬಗ್ಗಿ ನಿಂತು ಪೈರನ್ನು ಬುಡಸಮೇತ ಕಿತ್ತು, ನೀರಿನಲ್ಲಿ ಬಡಿದು ಮಣ್ಣು ತೊಳೆದು, ಕಟ್ಟು ಕಟ್ಟಿ ನಾಟಿ ಹಾಕುವ ಹೆಂಗಸರ ಕಡೆಗೆ ಎಸೆಯಬೇಕು. ನಾನು ಕಿತ್ತದ್ದರಲ್ಲಿ ಅರ್ಧಕ್ಕೆ ಬೇರೇ ಇರುತ್ತಿರಲಿಲ್ಲ. ಎಸೆದ ಕಟ್ಟು ಬಿಚ್ಚಿಕೊಂಡು ಗದ್ದೆ ತುಂಬ ಹರಡುತ್ತಿತ್ತು. "ಯಾವೂರ ಆಳಪ್ಪ ಇದು, ಪೈರ್ ಕೀಳಕ್ ಬಂದವ್ನೋ ಕೊಯ್ಯಕ್ ಬಂದವ್ನೋ" ಎಂದು ಒಬ್ಬ ಮುದುಕ ನನಗೆ ಕೇಳಿಸುವ ಹಾಗೆಯೇ ಅಂದ. ಹೆಂಗಸರು ನಕ್ಕರು. ಎರಡನೆಯ ದಿನ ಬೆನ್ನು ನನ್ನದೇ ಅಲ್ಲ ಎನ್ನುವ ಹಾಗಾಯಿತು. ಮೂರನೆಯ ದಿನ ಕಾಲಿನ ಬೆರಳ ಸಂದು ಬೆಂದು ಹುಣ್ಣಾಯಿತು. ಆದರೂ ಹಟ ಬಿಡಲಿಲ್ಲ. ಮಧ್ಯಾಹ್ನ ಮುದ್ದೆ ಹಾಕುವಾಗ ಎಲ್ಲರಿಗೂ ಹಾಕಿದ ಗಾತ್ರವನ್ನೇ ನನಗೂ ಹಾಕಿದರು, ಅದೊಂದು ಸಂತೋಷ.

ಐದು ದಿನ ಮುಗಿಸಿ ಸ್ಕೂಲಿಗೆ ಬಂದರೆ ಹೆಡ್‌ಮಾಸ್ಟರು ಕರೆಸಿದರು. ಊರಿಗೆಲ್ಲ ಸುದ್ದಿಯಾಗಿತ್ತು. "ಅಲ್ರೀ, ನೀವು ಗದ್ದೆಯಲ್ಲಿ, ಹುಡುಗ ತರಗತಿಯಲ್ಲಿ. ಸರಿ. ಐದು ದಿನ ಗಣಿತ ಹೇಳಿದವರು ಯಾರು?" ಎಂದರು. ನನಗೆ ಅದು ಹೊಳೆದೇ ಇರಲಿಲ್ಲ. ಅವನನ್ನು ಗಣಿತ ಕಲಿಯಲು ತರಗತಿಗೆ ಕಳಿಸಿ, ಗಣಿತ ಹೇಳಬೇಕಾದವನು ಕೆಸರಿನಲ್ಲಿ ನಿಂತಿದ್ದೆ. ಐದು ದಿನವೂ ನನ್ನ ಪೀರಿಯಡ್ಡಿನಲ್ಲಿ ಡ್ರಿಲ್ ಮೇಷ್ಟರು ಬಂದು ಸುಮ್ಮನೆ ಕೂರಿಸಿದ್ದರಂತೆ. ಹೆಡ್‌ಮಾಸ್ಟರು ನಗುತ್ತ ನಗುತ್ತ ಕೆಮ್ಮಿಬಿಟ್ಟರು. ನಾನೂ ನಗಬೇಕಾಯಿತು.

ನಾಟಿ ಮುಗಿಯಿತು. ಹುಡುಗ ತರಗತಿಗೆ ತಪ್ಪದೆ ಬಂದ. ನನಗೆ ದೊಡ್ಡ ಕೆಲಸ ಮಾಡಿದ ಸಮಾಧಾನ. ಆದರೆ ಹೊಂಗೆ ಮರದ ಬೆಳಗಿನ ಪಾಠಕ್ಕೆ ಮಾತ್ರ ಅವನು ಬರುವುದು ನಿಂತುಹೋಯಿತು. ಹತ್ತೂವರೆಗೆ ಸರಿಯಾಗಿ ಬರುತ್ತಿದ್ದ, ಅದಕ್ಕೆ ಮುಂಚೆ ಪತ್ತೆಯಿಲ್ಲ. ಯಾವ ಪಾಠದಿಂದ ಅವನ ಇಂಗ್ಲಿಷ್ ನೆಟ್ಟಗಾಗಬೇಕಿತ್ತೋ ಆ ಪಾಠಕ್ಕೇ ಇಲ್ಲ. ಒಂದು ದಿನ ಕೇಳಿದೆ, ಎರಡು ದಿನ ಕೇಳಿದೆ. ತಲೆ ತಗ್ಗಿಸಿ ನಿಲ್ಲುತ್ತಿದ್ದ. ಬೆಳಗಿನ ಪಾಠ ಬಿಟ್ಟವರು ತರಗತಿಯಲ್ಲಿ ಹಿಂದೆ ಬಿದ್ದರೆ ಅದು ಸ್ಪಷ್ಟವಾಗಿ ಕಾಣುತ್ತದೆ. ಅವನೂ ಬಿದ್ದ. ದಸರೆಯ ರಜಕ್ಕೆ ಮುಂಚೆ ಒಂದು ದಿನ ನನಗೆ ತಾಳ್ಮೆ ಕೆಟ್ಟಿತು.

"ಏನ್ಲಾ, ನಿನಗೋಸ್ಕರ ನಾನು ಕೆಸರಿನಲ್ಲಿ ಬಿದ್ದೆ. ನಿನಗೆ ಹಾಸಿಗೆ ಬಿಟ್ಟು ಏಳೋದಕ್ಕೂ ಆಗೋದಿಲ್ಲವಾ?" ಎಂದು ಎಲ್ಲರೆದುರಿಗೆ ಬೆಂಚಿನ ಮೇಲೆ ನಿಲ್ಲಿಸಿದೆ. ಅಷ್ಟು ಎತ್ತರದ ಹುಡುಗ, ಬೆಂಚಿನ ಮೇಲೆ ನಿಂತರೆ ತಲೆ ತೊಲೆಗೆ ತಾಗುತ್ತಿತ್ತು. ಕತ್ತು ಓರೆ ಮಾಡಿಕೊಂಡು ಇಡೀ ಪೀರಿಯಡ್ಡು ನಿಂತ.

ರಜ ಮುಗಿದು ಸ್ಕೂಲು ತೆರೆದ ಮೇಲೆ ಒಂದು ಬೆಳಗ್ಗೆ ಹೊಂಗೆ ಮರದ ತನಕ ಹೋಗಿ, ಕನ್ನಡಕ ಮರೆತದ್ದು ನೆನಪಾಗಿ ಮನೆಗೆ ಹಿಂದಿರುಗಿದೆ. ಹಿತ್ತಲಿನಲ್ಲಿ ಬಾವಿಯ ರಾಟೆಯ ಸದ್ದು. ನನ್ನ ಹೆಂಡತಿ ನೀರು ಸೇದುತ್ತಿರಬೇಕು ಎಂದುಕೊಂಡು ಇಣುಕಿದರೆ, ಆಕೆ ಅಡಿಗೆಮನೆಯಲ್ಲಿದ್ದಾಳೆ. ಬಾವಿಯ ಬಳಿ ಆ ಹುಡುಗ. ಅಂಗಿ ಕಳಚಿ ಗೂಟಕ್ಕೆ ಹಾಕಿದ್ದಾನೆ. ಎರಡು ಕೊಡ ಸೇದಿ ತೊಟ್ಟಿಗೆ ಸುರಿದ, ಮತ್ತೆರಡು ಸೇದಿ ಬಾಳೆಯ ಬುಡಕ್ಕೆ ಹೊಯ್ದ. ಪಕ್ಕದಲ್ಲಿ ಒಡೆದ ಸೌದೆ ಒಪ್ಪವಾಗಿ ಜೋಡಿಸಿತ್ತು. ತಿಂಗಳಿಗೂ ಮೇಲಾಗಿ ಸೌದೆಯ ಗೊಡವೆಯೇ ನನಗೆ ಬಂದಿರಲಿಲ್ಲ ಎನ್ನುವುದು ಆ ಗಳಿಗೆಯಲ್ಲಿ ಹೊಳೆಯಿತು.

"ಇವನು ಇಲ್ಲಿ ಏನು ಮಾಡ್ತಿದ್ದಾನೆ?" ಎಂದು ಹೆಂಡತಿಯನ್ನು ಕೇಳಿದೆ.

"ನೀವೇ ಕಳಿಸಿದ್ದಲ್ವಾ? ದಿನಾ ನೀವು ಅತ್ಲಾಗೆ ಹೋದ ಮೇಲೆ ಬರ್ತಾನೆ. ನಾನೇ ಬೇಡಪ್ಪ ಅಂದೆ. ಮೇಷ್ಟ್ರಿಗೆ ಗೊತ್ತು ಅಂದ. ಒಂದು ಲೋಟ ಕಾಫಿ ಕೂಡ ಮುಟ್ಟೋದಿಲ್ಲ ಕಣ್ರೀ" ಎಂದಳು.

ಹುಡುಗ ಹಗ್ಗ ಹಿಡಿದುಕೊಂಡೇ ನಿಂತಿದ್ದ. ಗದರಿದ ಮೇಲೆ ಹೇಳಿದ.

"ನಿಮ್ ಮುಯ್ಯಿ ಸಾ. ಐದ್ ದಿನ ನಮ್ಗೋಸ್ಕರ ಬಂದ್ರಲ್ಲ, ಅದ್ನ ತೀರಿಸ್ಬೇಕು ಅಂತ ಅವ್ವ ಏಳ್ತು. ನಿಮ್ಗೆ ಗದ್ದೆ ಇಲ್ವಲ್ಲ, ಅದ್ಕೆ ಇಲ್ಲಿಗ್ ಬತ್ತೀನಿ. ಬೆಳಿಗ್ಗೆ ಎಲ್ಡ್ ಗಂಟೆ ಲೆಕ್ಕ. ಇನ್ ಆರ್ ದಿನ ಅದೆ, ಮುಗೀತದೆ."

ನಾನು ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಅವರ ಊರಿನಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಇಳಿದರೆ ಅದು ತೀರಿಸಬೇಕಾದ ಮುಯ್ಯಿ, ಅದರಲ್ಲಿ ಉಪಕಾರದ ಮಾತೇ ಇಲ್ಲ. ನನ್ನ ಐದು ದಿನಗಳನ್ನು ಆ ತಾಯಿ ಎರಡೆರಡು ಗಂಟೆಯ ಬೆಳಗುಗಳಾಗಿ ಒಡೆದು, ಮಗನ ಕೈಯಲ್ಲಿ ಕಳಿಸುತ್ತಿದ್ದರು. ಬೆಳಗಿನ ಪಾಠ ಇರುವುದೂ ಆ ಹೊತ್ತಿನಲ್ಲೇ ಎನ್ನುವುದು ಆಕೆಗೆ ಗೊತ್ತಿರಲಿಲ್ಲ. ಹುಡುಗನಿಗೆ ಗೊತ್ತಿತ್ತು. ಹೇಳಿದರೆ ಮೇಷ್ಟರು ಮುಯ್ಯಿ ಬೇಡ ಅನ್ನುತ್ತಾರೆ, ಬೇಡ ಅಂದರೆ ಅವ್ವನಿಗೆ ಅವಮಾನ. ಅದಕ್ಕೇ ಬೆಂಚಿನ ಮೇಲೆ ಬಾಯಿ ಮುಚ್ಚಿ ನಿಂತಿದ್ದ. ನನಗೆ ಎಲ್ಲಾದರೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು. ಹೆಂಡತಿಯ ಮೇಲೆ ರೇಗಿದೆ, ಅವನ ಮೇಲೂ ರೇಗಿದೆ. ನಾಚಿಕೆಯಾದಾಗ ರೇಗುವುದು ನನ್ನ ಹಳೆಯ ಚಾಳಿ.

"ಇನ್ನು ಸಾಕು, ನಡಿ" ಎಂದೆ.

"ಇಲ್ಲ ಸಾ. ಆರ್ ದಿನ ಉಳಿಸ್ಕಂಡ್ರೆ ಅವ್ವ ಮನೆಗ್ ಸೇರ್ಸಲ್ಲ" ಎಂದು ಮತ್ತೆ ಕೊಡ ಇಳಿಬಿಟ್ಟ.

ಉಳಿದ ಆರು ದಿನ ಬೆಳಗ್ಗೆ ಹೊಂಗೆ ಮರದ ಹುಡುಗರನ್ನೆಲ್ಲ ನಮ್ಮ ಹಿತ್ತಲಿಗೇ ಕರೆದುಕೊಂಡು ಬಂದೆ. ಅವರು ತುಳಸಿಕಟ್ಟೆಯ ಸುತ್ತ ಕೂತರು. ಇವನು ನೀರು ಸೇದುತ್ತ ಸೇದುತ್ತ ಪ್ರಮೇಯ ಒಪ್ಪಿಸಿದ. ಕೊಡ ಮೇಲೆ ಬರುವಷ್ಟರಲ್ಲಿ ಒಂದು ವಾಕ್ಯ. ಆ ಆರು ದಿನದಷ್ಟು ಒಳ್ಳೆಯ ಪಾಠವನ್ನು ನಾನು ಯಾವತ್ತೂ ಮಾಡಲಿಲ್ಲ. ಆದರೆ ಒಂದು ತಿಂಗಳ ಪಾಠ ಹೋದದ್ದು ಹೋಗಿತ್ತು. ಮುಂದೆ ಕೊಯ್ಲು ಬಂತು, ಮತ್ತೆ ವಾರಗಟ್ಟಲೆ ಬರಲಿಲ್ಲ. ಈ ಸಲ ನಾನು ಸೈಕಲ್ ಹತ್ತಲಿಲ್ಲ. ಸಂಕ್ರಾಂತಿಯ ನಂತರ ಬಂದವನನ್ನು ಎಳೆದೆ, ತಳ್ಳಿದೆ, ಸಂಜೆಯೂ ಕೂರಿಸಿಕೊಂಡೆ. ಅವನೂ ಕಣ್ಣು ಕೆಂಪು ಮಾಡಿಕೊಂಡು ಓದಿದ. ತರಗತಿಯಲ್ಲಿ ಅವನೊಬ್ಬನೇ ಇರಲಿಲ್ಲ. ಇನ್ನೂ ಮೂವತ್ತು ಹುಡುಗರು, ಒಬ್ಬೊಬ್ಬನಿಗೂ ಒಂದೊಂದು ಕಥೆ. ಯಾರ ಕಥೆ ಯಾರದೆಂದು ನನಗೇ ಕಲಸಿಹೋಗುತ್ತಿತ್ತು.

ವರ್ಷದ ಪರೀಕ್ಷೆಯಲ್ಲಿ ಅವನು ಇಂಗ್ಲಿಷಿನಲ್ಲಿ ಫೇಲಾದ. ಗಣಿತದಲ್ಲೂ ಫೇಲಾದ, ಸ್ವಲ್ಪದರಲ್ಲಿ. ಉತ್ತರವೆಲ್ಲ ಸರಿ, ಕಾರಣ ಎಲ್ಲೂ ಬರೆದಿಲ್ಲ. ಆ ಪತ್ರಿಕೆಯನ್ನು ತಿದ್ದಿದವನು ನಾನೇ. ಕೈ ಸ್ವಲ್ಪ ಸಡಿಲ ಬಿಟ್ಟಿದ್ದರೆ ಗಣಿತ ದಾಟುತ್ತಿತ್ತು, ಒಂದೇ ವಿಷಯ ಎಂದು ಹೆಡ್‌ಮಾಸ್ಟರು ಮೇಲಕ್ಕೆ ಹಾಕುತ್ತಿದ್ದರೋ ಏನೋ. ನಾನು ಬಿಡಲಿಲ್ಲ. ನನ್ನ ವಿಷಯದಲ್ಲಿ ದಾನಕ್ಕೆ ಪಾಸಾದವನು ಎಂದು ಅವನನ್ನು ಯಾರೂ ಅನ್ನಬಾರದು ಎನ್ನುವ ಜಂಬ ನನ್ನದು. ಇನ್ನೊಂದು ವರ್ಷ ಅದೇ ತರಗತಿಯಲ್ಲಿ ಓದಿದರೆ ಗಟ್ಟಿಯಾಗುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ.

ಯುಗಾದಿಗೆ ಒಂದು ವಾರ ಇರುವಾಗ ತಾಯಿ, ಮಗ ಇಬ್ಬರೂ ಸ್ಕೂಲಿಗೆ ಬಂದರು. ಮಧ್ಯಾಹ್ನದ ಬಿಸಿಲು. ಇಡೀ ಸ್ಕೂಲಿನ ಅಂಕಪಟ್ಟಿ ಬರೆದು ಬರೆದು ನನ್ನ ಬೆರಳು ಸೆಟೆದುಕೊಂಡಿತ್ತು. ಬೆಳಗಿನಿಂದ ಹನ್ನೊಂದು ಜನ ತಂದೆ ತಾಯಿಯರು ಬಂದು ಜಗಳವಾಡಿ ಹೋಗಿದ್ದರು. ಈಕೆ ಜಗಳಕ್ಕೆ ಬಂದಿರಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದರು.

"ಮೇಸ್ಟ್ರೇ, ಪಕ್ಕದೋರು ಅವ್ರ ಗದ್ದೇನ ವಾರಕ್ಕೆ ಮಾಡು ಅಂತವ್ರೆ. ಬೆಳೆದದ್ರಲ್ಲಿ ಅರ್ಧ ನಮ್ಗೆ. ಇವ್ನ್ ಮನೇಲಿದ್ರೆ ಇಡಿಬೋದು, ಓದಕ್ ಬಂದ್ರೆ ಬ್ಯಾಡ ಅಂತೀನಿ. ಉಗಾದಿಗೆ ಮಾತ್ ಕೊಡ್ಬೇಕು. ಕೊಟ್ ಮ್ಯಾಕೆ ತಿರುಗ್ಸಕ್ಕಾಗಲ್ಲ. ನೀವ್ ಒಂದ್ ಮಾತ್ ಏಳಿ. ಇನ್ನೊಂದ್ ವರ್ಸ ಕಳಿಸ್ಲಾ?"

ಹುಡುಗ ಅವರ ಹಿಂದೆ ನಿಂತಿದ್ದ. ನನ್ನನ್ನೇ ನೋಡುತ್ತಿದ್ದ. ಅವನಿಗೆ ಏನು ಬೇಕಿತ್ತೋ ಅದು ಮುಖದಲ್ಲಿ ಬರೆದಂತಿತ್ತು, ನಾನು ಓದಲಾರದವನೇನಲ್ಲ. ಆದರೆ ಕಳಿಸಿ ಎಂದರೆ ಮುಂದಿನದೆಲ್ಲ ನನ್ನ ತಲೆಯ ಮೇಲೆ. ಮತ್ತೆ ನಾಲೆಗೆ ನೀರು, ಮತ್ತೆ ನಾಟಿ, ಮತ್ತೆ ಕೊಯ್ಲು, ಮತ್ತೆ ಸೈಕಲ್. ಅವನು ಮತ್ತೆ ಫೇಲಾದರೆ ಆ ತಾಯಿಯ ಒಂದು ವರ್ಷದ ಬೆಳೆಯನ್ನು ನಾನೇ ಕಳೆದಂತೆ. ಇದನ್ನೆಲ್ಲ ಆಗ ಇಷ್ಟು ಬಿಡಿಸಿ ಯೋಚಿಸಿದೆ ಎಂದರೆ ಸುಳ್ಳಾಗುತ್ತದೆ. ಸುಸ್ತಾಗಿತ್ತು, ಅಷ್ಟೆ. ಯಾರಾದರೂ ನನ್ನನ್ನು ಏನೂ ಕೇಳದೆ ಬಿಟ್ಟರೆ ಸಾಕಾಗಿತ್ತು.

"ನಿಮ್ಮಿಷ್ಟ ಕಣಮ್ಮ" ಎಂದೆ.

ಆಕೆ ಬಾಗಿಲಿನಿಂದ ಕದಲಲಿಲ್ಲ. ಮುಂದೆ ಇನ್ನೇನೋ ಹೇಳುತ್ತೇನೆ ಎಂದುಕೊಂಡಿರಬೇಕು. ನಾನು ಅಂಕಪಟ್ಟಿಯ ಕಡೆಗೆ ತಿರುಗಿದೆ.

"ನಮ್ಮಿಷ್ಟ ಅಂತ ಇದ್ದಿದ್ರೆ ಇಷ್ಟ್ ದೂರ ಯಾಕ್ ನಡ್ಕಂಡ್ ಬತ್ತಿದ್ದೊ?" ಎಂದರು. ಸಿಟ್ಟಿನಿಂದಲ್ಲ. ಸೆರಗು ಸರಿಮಾಡಿಕೊಂಡು ಮಗನನ್ನು ಕರೆದುಕೊಂಡು ಹೋದರು. ಅವರು ಮೈದಾನ ದಾಟಿ ರಸ್ತೆ ಸೇರುವ ತನಕ ಕಿಟಕಿಯಲ್ಲಿ ಕಾಣುತ್ತಿದ್ದರು. ಎದ್ದು ಕೂಗಿದ್ದರೆ ಕೇಳಿಸುವಷ್ಟು ದೂರ. ನಾನು ಕೂತೇ ಇದ್ದೆ.

ಬೇಸಿಗೆ ರಜದಲ್ಲಿ ಮಳವಳ್ಳಿಗೆ ಹೋಗಿ ತಿಂದು ಮಲಗಿ ಎದ್ದೆ. ದಣಿವು ಇಳಿದ ಮೇಲೆ ಆ ಮಾತು ಚುಚ್ಚತೊಡಗಿತು. ಸ್ಕೂಲು ತೆರೆದ ಮೊದಲನೆಯ ದಿನವೇ ಹೆಡ್‌ಮಾಸ್ಟರ ಹತ್ತಿರ ಅವನನ್ನು ಮತ್ತೆ ಸೇರಿಸಿಕೊಳ್ಳಲು ಒಪ್ಪಿಗೆ ಪಡೆದೆ. ಇನ್‌ಸ್ಪೆಕ್ಟರು ಕೇಳಿದರೆ ನಾನೇ ಉತ್ತರ ಹೇಳುತ್ತೇನೆ ಎಂದೆ. ಸಂಜೆ ಹೊಳಲಿಗೆ ಹೋದೆ. ಹುಡುಗ ಗದ್ದೆಯಲ್ಲಿದ್ದ, ತಮ್ಮದರಲ್ಲಿ ಅಲ್ಲ, ಪಕ್ಕದವರದರಲ್ಲಿ. ಬದುವಿಗೆ ಮಣ್ಣು ಕೊಡುತ್ತಿದ್ದವನು ನನ್ನನ್ನು ಕಂಡು ಗುದ್ದಲಿ ಕೆಳಗಿಟ್ಟು ಬಂದ. ಎರಡೇ ತಿಂಗಳಿಗೆ ಮುಖ ಬಲಿತಿತ್ತು.

"ನಾಳೆಯಿಂದ ಬಾ. ಹೆಡ್‌ಮಾಸ್ಟರು ಒಪ್ಪಿದ್ದಾರೆ. ನಿಮ್ಮವ್ವನಿಗೆ ನಾನೇ ಹೇಳ್ತೀನಿ" ಎಂದೆ.

"ಆಗಲ್ಲ ಸಾ. ಉಗಾದಿಲೇ ಮಾತ್ ಕೊಟ್ಬುಟ್ವಿ" ಎಂದ.

"ಬಿಡಿಸಿಕೊಳ್ಳೋಕೆ ಆಗೋದಿಲ್ಲವಾ?"

"ಅದೆಂಗಾಯ್ತದೆ? ಅವ್ರು ನಮ್ನ ನಂಬ್ಕಂಡು ಬೇರೆಯೋರ್ಗೆ ಕೊಡ್ದೆ ಇಟ್ಕಂಡವ್ರೆ." ಕೈಯ ಮಣ್ಣನ್ನು ತೊಡೆಗೆ ಒರೆಸಿಕೊಂಡ. ಆಮೇಲೆ, ಯಾರೋ ದಾರಿ ಕೇಳಿದರೆ ಹೇಳುವ ಹಾಗೆ, ಮೆಲ್ಲಗೆ ಹೇಳಿದ. "ಅವತ್ತು ನೀವ್ 'ಬಾ' ಅಂತೀರ ಅಂತ ಅವ್ವ ಬರೋ ದಾರೀಲೆ ನಂಗ್ ಏಳಿತ್ತು ಸಾ. ನೋಟ್‌ಬುಕ್ಕೂ ತಂದಿದ್ದೆ."

ಅವನು ಮನೆಗೆ ಬಂದು ಮಜ್ಜಿಗೆ ಕುಡಿದು ಹೋಗಿ ಎಂದು ಎರಡು ಸಲ ಕರೆದ. ಹೊತ್ತಾಯಿತು ಎಂದು ಸೈಕಲ್ ತಿರುಗಿಸಿದೆ. ಮರುದಿನ ಬೆಳಗ್ಗೆ ಏಳಕ್ಕೆ ಹೊಂಗೆ ಮರದ ಕೆಳಗೆ ಹೊಸ ಹುಡುಗರು ಬಂದು ಕೂತಿದ್ದರು. ಒಬ್ಬೊಬ್ಬನನ್ನೂ ಯಾವ ಊರು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಬೇಕಿತ್ತು. ಅವತ್ತು ಯಾರನ್ನೂ ಕೇಳಲು ನನಗೆ ಧೈರ್ಯ ಬರಲಿಲ್ಲ.